ಕಡಿಯದ ಕೊಂಬೆ

ಮೂವತ್ತೊಂದು ವರ್ಷ ನಾನು ಕೊಂಬೆಗಳನ್ನು ನೋಡಿದ್ದು
ಕಡಿಯುವವನ ಕಣ್ಣಲ್ಲಿ.
ತಂತಿಗೆ ಎಷ್ಟು ಹತ್ತಿರ, ಗಾಳಿ ಬಂದರೆ ಎತ್ತ ವಾಲುತ್ತದೆ,
ಬಿದ್ದರೆ ಯಾರ ಕಾರಿನ ಮೇಲೆ.
ಚೋಳರಪಾಳ್ಯದಿಂದ ಕಾಮಾಕ್ಷಿಪಾಳ್ಯದವರೆಗೆ
ಯಾವ ಮರವನ್ನು ಕೇಳಿದರೂ ನನ್ನ ಹೆಸರು ಹೇಳುತ್ತದೆ,
ಹೊಗಳಿ ಅಲ್ಲ.

ಬೇಸಿಗೆ ರಜಕ್ಕೆ ಬಂದ ಮೊಮ್ಮಗಳು ಇಂಚರ
‘ತಾತ, ಈ ಮರಕ್ಕೊಂದು ಉಯ್ಯಾಲೆ’ ಅಂದಾಗ
ಸಬ್‌ಸ್ಟೇಷನ್ ಹಿಂದಿನ ಕ್ವಾರ್ಟರ್ಸ್ ಅಂಗಳದಲ್ಲಿ
ಹೊಂಗೆಯ ಕೆಳಗೆ ನಿಂತು
ಮೊದಲ ಸಲ ಬೇರೆ ಲೆಕ್ಕ ಹಾಕಿದೆ:
ಯಾವುದು ಇರಲಿ, ಯಾವುದು ತಾಳುತ್ತದೆ.

ಮೂಡಲ ಕಡೆಯ ಕೊಂಬೆ ದಪ್ಪ, ಒಳಗೆ ಟೊಳ್ಳು;
ಕೊಡತಿಯಲ್ಲಿ ತಟ್ಟಿದರೆ ಮಡಕೆಯ ಸದ್ದು.
ಗೋಡೆ ಕಡೆಯದರಲ್ಲಿ ಕೆಂಜಿಗದ ಸಾಲು.
ನಡುವಿನದು, ನನ್ನ ತೊಡೆಯಷ್ಟು,
ನೆಟ್ಟಗೆ ಹೊರಟು ಆಮೇಲೆ ಏನೋ ನೆನಪಾದಂತೆ
ಮೇಲಕ್ಕೆ ತಿರುಗಿದ್ದು, ಅದನ್ನು ಒಪ್ಪಿದೆ.
ಅದು ನನ್ನನ್ನು ಒಪ್ಪಿತೋ ಇಲ್ಲವೋ.

ಹಲಗೆ, ಎದುರಿಗೆ ಏಳುತ್ತಿರುವ ಬಿಲ್ಡಿಂಗಿನ
ಮೇಸ್ತ್ರಿ ವೀರಮುತ್ತು ಕೊಟ್ಟ ಸೆಂಟ್ರಿಂಗ್ ತುಂಡು.
ಸಿಮೆಂಟಿನ ಹೊಪ್ಪಳೆ ಉಜ್ಜಿ ಉಜ್ಜಿ ತೆಗೆದ ಮೇಲೂ
ಯಾರದೋ ಮನೆಯ ಛಾವಣಿ ಅದರ ಬೆನ್ನಿಗೆ ಅಂಟಿಯೇ ಇತ್ತು.
ಬೈರಿಗೆ ಗಂಗಾಧರಾಚಾರಿಯದು.
‘ಡ್ರಿಲ್ಲೇ ಇದೆಯಲ್ಲೋ’ ಅಂದ. ಬೇಡ ಅಂದೆ.
ಹಗಲೂ ರಾತ್ರಿ ಕರೆಂಟಿನ ಜೊತೆ ಬಾಳಿದವನಿಗೆ
ಒಂದು ಕೆಲಸವಾದರೂ ಬರೀ ಕೈಯಲ್ಲಿ ಆಗಲಿ.
ನಾಲ್ಕು ತೂತು. ಸುರುಳಿ ಸುರುಳಿ ಮರದ ಹೊಟ್ಟು;
ಇಂಚರ ಅದನ್ನು ಬಾಚಿ ಬೊಂಬೆಗೆ ಕೂದಲು ಮಾಡಿದಳು.

ಹಗ್ಗ ಸುಲ್ತಾನ್‌ಪೇಟೆಯದು, ಹೆಬ್ಬೆರಳ ಗಾತ್ರ.
‘ಯಾತಕ್ಕೆ ಸಾರ್, ಹಸುಗಾ?’ ಅಂದ ಅಂಗಡಿಯವನು.
‘ಹುಡುಗಿಗೆ’ ಅಂದೆ. ಎರಡು ಅಡಿ ಜಾಸ್ತಿ ಅಳೆದ.

ದಾರದ ತುದಿಗೆ ಸ್ಪ್ಯಾನರ್ ಕಟ್ಟಿ ಎಸೆದೆ.
ಮೊದಲನೆಯದು ಮುಟ್ಟಲಿಲ್ಲ.
ಎರಡನೆಯದು ಪಕ್ಕದ ಮನೆ ಶೀಟಿನ ಮೇಲೆ ಢಣ್.
ಮೂರನೆಯದು ಕೊಂಬೆ ದಾಟಿತು, ಹೂವು ಉದುರಿತು
ಕಡ್ಲೆಪುರಿ ಪೊಟ್ಟಣ ಒಡೆದ ಹಾಗೆ.
ತೊಗಟೆ ಸವೆಯದಿರಲೆಂದು ಹಗ್ಗದಡಿಗೆ
ಹಳೇ ಸೈಕಲ್ ಟ್ಯೂಬ್ ಸುತ್ತಿದೆ.
ಬಾಗಿಲಲ್ಲಿ ನಿಂತು ನೋಡುತ್ತಿದ್ದ ಸಂಪಂಗಮ್ಮ
‘ಮರಕ್ಕೆ ಪಟ್ಟಿ ಕಟ್ಟೋ ಮನುಷ್ಯನಾ ನೀನು!’ ಅಂದಳು.

ಜೀರುಗುಣಿಕೆ ಬೇಡ, ಎಳೆದಷ್ಟೂ ಹಿಸುಕುತ್ತದೆ.
ಕಂಬದ ಮೇಲೆ ಇಷ್ಟು ವರ್ಷ ನನ್ನನ್ನು ಹಿಡಿದಿಟ್ಟ ಗಂಟನ್ನೇ ಹಾಕಿದೆ.
ಅದಕ್ಕೆ ಹೆಸರಿಲ್ಲ. ಮರಿಸ್ವಾಮಿ ಮೇಷ್ಟ್ರು
ಬಾಯಲ್ಲಿ ಹೇಳದೆ ಕೈಯಲ್ಲಿ ಕಲಿಸಿದ್ದು.
ಆಮೇಲೆ ತುಂಬಿದ ಸಿಲಿಂಡರ್ ಕೂರಿಸಿ ತೂಗಿದೆ.
ಕೊಂಬೆ ಒಂದೇ ಸಲ ಕಿರ್ ಅಂದಿತು,
ಮಂಡಿನೋವಿನವರು ಎದ್ದು ನಿಲ್ಲುವಾಗ ಅನ್ನುವಂತೆ.

ಹನ್ನೆರಡು ದಿನ ಆಡಿ ಇಂಚರ ತುಮಕೂರಿಗೆ ಹೋದಳು.
ಹಲಗೆಯ ಮೇಲೆ ಬೆಕ್ಕು ಮಲಗತೊಡಗಿತು.
‘ಬಿಚ್ಚಿಡು, ಬಟ್ಟೆ ಒಣಹಾಕೋಕೆ ಹಗ್ಗ ಆಗುತ್ತೆ’
ಸಂಪಂಗಮ್ಮನದು ದಿನಾ ಇದೇ ಮಾತು.

ನಿನ್ನೆ ರಾತ್ರಿ ಗಾಳಿ. ಎಲ್ಲೋ ಜಂಪರ್ ಕಟ್ಟಾಗಿ
ಇಡೀ ಫೀಡರ್ ಕತ್ತಲು. ಫ್ಯಾನ್ ನಿಂತು ಎಚ್ಚರಾಯಿತು.
ಪಕ್ಕದಲ್ಲಿ ಅವಳಿಲ್ಲ.
ಕಿಟಕಿಯಾಚೆ ಕಿರ್, ಮತ್ತೆ ಕಿರ್.
ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾಲು ಮಡಿಸಿ ಚಾಚಿ
ಐವತ್ತನಾಲ್ಕರ ಸಂಪಂಗಮ್ಮ
ಹಿಂದಕ್ಕೆ ಹೋಗುತ್ತಿದ್ದಳು, ಮುಂದಕ್ಕೆ ಬರುತ್ತಿದ್ದಳು,
ನೂಕುವವರು ಯಾರೂ ಇಲ್ಲದೆ.

ಫೋನ್ ಗುಂಯ್ ಅಂದಿತು. ಶಿಫ್ಟಿನ ಹುಡುಗ ಕೆಂಪರಾಜು,
ನನ್ನನ್ನು ಕೇಳದೆ ಹ್ಯಾಂಡಲ್ ಮುಟ್ಟದವನು.
‘ಅಣ್ಣಾ, ಜಂಪರ್ ಹಾಕಾಯ್ತು. ಲೈನ್ ಚಾರ್ಜ್ ಮಾಡ್ಲಾ?’

ಅಂಗಳದ ದೀಪ ಸರಿಯಾಗಿ ಅವಳ ನೆತ್ತಿಗಿದೆ.
ಹತ್ತಿದರೆ ಇಳಿದುಬಿಡುತ್ತಾಳೆ, ಗೊತ್ತು ನನಗೆ;
ಮತ್ತೆ ಬಟ್ಟೆ ಹಗ್ಗದ ಮಾತು ತೆಗೆಯುತ್ತಾಳೆ.
ಪಿಸುದನಿಯಲ್ಲಿ ಅಂದೆ:
‘ಇನ್ನೊಂದ್ ಸಲ ಎಲ್ಲಾ ಚೆಕ್ ಮಾಡ್ಕೋ ಮಗಾ.
ಅವಸರ ಏನೂ ಇಲ್ಲ.’