ಬೆನ್ನಿನ ಅಳತೆ

ಊರಿಗೆ ಹೊರಟವಳೊಬ್ಬಳು
ಎಂಟು ದಿನಾರಿಗೆ ಬಿಟ್ಟುಹೋದ ಮಿಷನ್ನು.
ಮುಹರ್ರಕ್ಕಿನ ಈ ಕೋಣೆಯಲ್ಲಿ ಶುಕ್ರವಾರವಿಡೀ
ಎ.ಸಿ.ಗಿಂತ ಅದರದ್ದೇ ಗದ್ದಲ.

ಎದೆ, ಸೊಂಟ, ತೋಳು, ಟೇಪು ಸುತ್ತಿ
ನಾನೇ ಬರೆದುಕೊಂಡೆ
ಕ್ಯಾಂಟೀನಿನ ಈರುಳ್ಳಿ ಲೆಕ್ಕದ ಚೀಟಿಯ ಹಿಂದೆ.
ಬೆನ್ನು ಮಾತ್ರ ಸಿಗಲಿಲ್ಲ.
ಒಂದು ತುದಿ ಹಿಡಿದರೆ ಇನ್ನೊಂದು ಜಾರುತ್ತದೆ.
ತನ್ನ ಬೆನ್ನು ತನಗೆ ಕಾಣದು ಅಂತ ಅಮ್ಮ ಅನ್ನುತ್ತಿದ್ದದ್ದು
ಹೊಲಿಗೆಯ ಮಾತೆಂದು ಗೊತ್ತಿರಲಿಲ್ಲ.

ತಿಗಿಸ್ತ್ ಬಂದಳು, ಎದುರು ಕೋಣೆಯವಳು.
ಭುಜದಿಂದ ಭುಜಕ್ಕೆ
ಅವಳ ಹೆಬ್ಬೆರಳು ನಿಧಾನ ನಡೆಯಿತು.
‘ಅರ್ಬಾತಾಶ್’ ಅಂದಳು. ಹದಿನಾಲ್ಕು.
ಎರಡು ವರ್ಷವಾಗಿತ್ತು
ಅಲ್ಲಿ ಯಾರದಾದರೂ ಕೈ ತಾಗಿ.
ತಪ್ಪಿರಬಹುದು, ಇನ್ನೊಮ್ಮೆ ನೋಡು, ಅಂದೆ.

ಬಾಬಿನ್ನಿನ ಅಡಿಗೆ ದಾರ ಗುಬ್ಬಿಗೂಡಾಯಿತು,
ಹೊಲಿದದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚು.
ಬಲದ ತೋಳು ಎಡಕ್ಕೆ ಕೂತಿದೆ,
ಕತ್ತಿನ ತೂತು ಯಾವುದೋ ಒಂಟೆಯದು.
ಆದರೂ ತೊಟ್ಟು ಸೂಕಿಗೆ ಹೋದೆ,
ಸೇಫ್ಟಿ ಪಿನ್ನು ಎರಡು ಸಿಕ್ಕಿಸಿ.

ಮೀನಂಗಡಿಯ ಗಾಜಿಗೆ ಬೆನ್ನು ಕೊಟ್ಟು
ಕತ್ತು ಹೊರಳಿಸಿದೆ:
ಐಸಿನ ಮೇಲೆ ಸಾಲಾಗಿ ಹಮ್ಮೂರು,
ಅದರ ಮೇಲೆ ನನ್ನ ಬೆನ್ನು,
ಒಂದೂ ಸುಕ್ಕಿಲ್ಲ.