ಗಾಳಿ ಎಂಬ ಅಂಕಣ

ಗೋಡೆಯ ಹಲಗೆಯಲ್ಲಿ ಗೆದ್ದವರ ಹೆಸರು, ಚಿನ್ನದ ಅಕ್ಷರ.
ಅದನ್ನು ಪೂರ್ತಿ ನಂಬಬೇಡಿ.
ಕೆಳಗಿನ ಖಾನೆಯಲ್ಲಿದೆ ನೋಡಿ,
ಅಂಚು ನೀರು ಕುಡಿದು ಉಬ್ಬಿದ ಪುಸ್ತಕ:
ವಾರಂಬೀಲ್ ಹಾಯಿದೋಣಿ ಕ್ಲಬ್ಬು, ವಿಕ್ಟೋರಿಯಾ ಸೀಮೆ.

೧೯೨೬. ದೋಣಿ ನಾಲ್ಕು.
ಒಂದು, ಬಡಗಿ ಪೆಂಗೆಲ್ಲಿ
ಶವಪೆಟ್ಟಿಗೆ ಮಾಡಿ ಉಳಿದ ಹಲಗೆಯಲ್ಲಿ ಕಟ್ಟಿದ್ದು;
ಮೂತಿಯ ಮೇಲೆ ಹೆಸರು: 'ಈಗಲೇ ಬೇಡ'.
ಹೊರಡಲು ಸನ್ನೆ, ಬಾತುಕೋಳಿ ಹೊಡೆಯುವ ಬಂದೂಕು.
ಆ ಸದ್ದಿಗೆ ಪಾದ್ರಿಯ ಕುದುರೆ ಎರಡು ಸಲ
ಗಾಡಿಸಮೇತ ಕೆರೆಗಿಳಿದ ಮೇಲೆ
ಬಾಣಲೆ, ಸೌಟು.

ಗಾಳಿ ಎಂದೊಂದು ಅಂಕಣ.
ಅಂಚೆ ಗುಮಾಸ್ತ ಹೋರೇಸ್ ಟಿಲ್ ಮೂವತ್ತೊಂದು ವರ್ಷ ತುಂಬಿದ:
'ಸಾಧಾರಣ.' 'ಸಾಧಾರಣ.' 'ಇಲ್ಲ.'
'ಇದ್ದದ್ದು ಟ್ರೆಲೋರನ ಬಾಯಲ್ಲಿ ಮಾತ್ರ.'
ಯುದ್ಧದ ಆರು ವರ್ಷಕ್ಕೆ ಒಂದೇ ಪುಟ ಸಾಕಾಗಿದೆ.
ಮುಂದಿನ ಪುಟದಲ್ಲಿ ದೋಣಿಗಳು ಅವೇ,
ಕೈಗಳು ಬೇರೆ.

೧೯೫೩. ಹಲಗೆ ಹೇಳುತ್ತದೆ: ಡಬ್ಲ್ಯು. ಟ್ರೆಲೋರ್.
ವಿಲ್ಫ್ ಟ್ರೆಲೋರ್ ಆ ಶನಿವಾರ
ಮಂಗನಬಾವು ಬಂದು ಮಲಗಿದ್ದ.
ಹೆಂಗಸರು ಚುಕ್ಕಾಣಿ ಹಿಡಿಯಕೂಡದು, ನಿಯಮ ಒಂಬತ್ತು.
ಕೇಕು ತರಬಹುದು, ನಿಯಮ ಹದಿನಾಲ್ಕು.
ಟಿಲ್ ಬರೆದ: 'ಗಾಳಿ ನೈಋತ್ಯ, ಜೋರು. ಟೊಪ್ಪಿ ವಿಲ್ಫನದು.
ಮೂರನೆಯ ತಿರುವಿನಲ್ಲಿ ಟೊಪ್ಪಿ ಹಾರಿತು.
ನಾನಾಗ ಕನ್ನಡಕ ಒರೆಸುತ್ತಿದ್ದೆ.'

ಹತ್ತಿಯ ಹಾಯಿ ಹೋಗಿ ಟೆರಿಲಿನ್ ಬಂತು.
ಅರವತ್ತೆಂಟರಲ್ಲಿ ದೋಣಿ ನಲವತ್ತೊಂದು, ಜಗಳ ಹದಿನೇಳು.
ಆಮೇಲೆ ಎಂದೋ ಕೆರೆ
ಹೇಳದೆ ಕೇಳದೆ ಹಿಂದೆ ಸರಿಯತೊಡಗಿತು.
ದಕ್ಕೆಯ ತುದಿಗೆ ಒಂದೊಂದೇ ಹಲಗೆ ಜೋಡಿಸುತ್ತ
ಅದರ ಬೆನ್ನು ಹತ್ತಿದರು.
ಹದಿನಾಲ್ಕನೆಯದಕ್ಕೆ ಕೈಬಿಟ್ಟರು.

ಹನ್ನೊಂದು ವರ್ಷ. ಒಂದು ಶನಿವಾರವೂ ಖಾಲಿ ಇಲ್ಲ.
ಬರೆದವಳು ಯೂನಾ ಟ್ರೆಲೋರ್, ಕಾರ್ಯದರ್ಶಿ, ಆಗಲೇ ಎಂಬತ್ತರ ಹತ್ತಿರ:
'ಗಾಳಿ ಹನ್ನೆರಡು ನಾಟ್. ನೀರು ಇಲ್ಲ.'
'ಗಾಳಿ ಬಹಳ ಚೆನ್ನಾಗಿತ್ತು. ನೀರು ಇಲ್ಲ.'
'ಎರಡನೆಯ ಪೀಪಾಯಿಯನ್ನು ಕುರಿಗಳು
ನಿಯಮದಂತೆ ಎಡಕ್ಕಿಟ್ಟು ಸುತ್ತಿದವು. ತಕರಾರಿಲ್ಲ.'

ಕೆರೆ ಮರಳಿದ ದಿನ ಅಕ್ಷರ ನಡುಗಿದೆ:
'ನೀರು ಮೊಣಕಾಲುದ್ದ.
ಗಾಳಿ ಇಲ್ಲ.'

ಹಲಗೆ ತಿದ್ದೋಣ ಎಂದಿದ್ದರಂತೆ ಹುಡುಗರು,
ಡಬಲ್ ಅಳಿಸಿದರೆ ಯು ಉಳಿಯುತ್ತದಲ್ಲ.
ಅವಳು ಒಪ್ಪಲಿಲ್ಲ.
ಇರಲಿ ಬಿಡಿ, ಟೊಪ್ಪಿ ಅವನದೇ ಆಗಿತ್ತು.

ಈಗ ಪೆನ್ಸಿಲು ನನ್ನ ಬಳಿ,
ಈಜು ಬಾರದವಳೆಂದು ಕೊಟ್ಟಿದ್ದಾರೆ.
ಇವತ್ತು ದೋಣಿ ಐದು. ಗಾಳಿ ಸಾಧಾರಣ.
ಬಾಣಲೆಯ ಹಿಡಿ ಸಡಿಲವಾಗಿದೆ.