ಅಂಚಿನ ಚೆಂಡು

ನಮ್ಮಲ್ಲಿ ಒಂದು ಮಾತುಂಟು: ದಾ ಚಾತ್ ಬಿನ್ ಖಾವ್.
ಅಂಚು ಸವರುವ ಚೆಂಡು ಹೊಡೆಯೋದು.
ಮೇಜಿಗೆ ಬಿತ್ತೋ, ಮೇಜನ್ನು ಬಿಟ್ಟಿತೋ
ಎಂದು ಎದುರಿನವ ಯೋಚಿಸುವಷ್ಟರಲ್ಲಿ
ಅಂಕ ನಿನ್ನದು, ಚೆಂಡು ಚರಂಡಿಯಲ್ಲಿ.

ನಾನು ಬೀಗದ ಕೈ ಉಜ್ಜುವವನು.
ಶಾಮ್ ಶೂಯ್ ಪೋದಲ್ಲಿ, ಮೆಟ್ಟಿಲ ಕೆಳಗಿನ ಸಂದಿಯಲ್ಲಿ,
ಮೂವತ್ತೊಂದು ವರ್ಷ.
ಪಕ್ಕದಲ್ಲಿ ಕಾಲುಚೀಲ ಮಾರುವ ಸಿಟ್ ಮುಯಿ-ಫಾ.
ಅವಳ ಪರವಾನಗಿ ನಾಲ್ಕಡಿಗೆ ಮೂರಡಿ,
ಸುತ್ತ ನೆಲದ ಮೇಲೆ ಹಳದಿ ಗೆರೆ.
ಗೆರೆಯೊಳಗೆ ಅವಳು, ಅವಳ ಸ್ಟೂಲು, ಚಹಾದ ಫ್ಲಾಸ್ಕು.
ಸರಕು ಮಾತ್ರ
ಕೊಡೆಯ ಕಡ್ಡಿಕಡ್ಡಿಗೂ ಜೋತು
ದಾರಿಹೋಕರ ಕಿವಿ ಸವರುತ್ತದೆ.
"ಗೆರೆ ಇರೋದು ನೆಲದ ಮೇಲೆ" ಅಂತಾಳೆ,
"ಕಾಲುಚೀಲಕ್ಕೆಲ್ಲಿ ಕಾಲು?"

ಇನ್ಸ್‌ಪೆಕ್ಟರ್ ಮಾಕ್ ಹೋಯ್-ಶಿಂಗ್ ಇನ್ನೂ ಹುಡುಗ.
ಟೇಪು ಬಿಚ್ಚಿ ನೆಲ ಅಳೆಯುತ್ತಾನೆ, ಬರೆದುಕೊಳ್ಳುತ್ತಾನೆ.
ಗಾಳಿಗೆ ಹಿಡಿದರೆ
ಟೇಪು ಬಗ್ಗಿಬಿಡುತ್ತದೆ.

ಭಾನುವಾರ ಇಬ್ಬರೂ ಆಡುತ್ತಾರೆ,
ವಸತಿ ಕಟ್ಟಡದ ಹಿಂದೆ, ಮೂಲೆ ಮುಕ್ಕಾದ ಸಿಮೆಂಟ್ ಮೇಜಿನಲ್ಲಿ.
ಅಂಪೈರು ನಾನೇ. ಒಂದು ಕಣ್ಣಿಗೆ ಪೊರೆ,
ಆದರೂ ಕೂರಿಸುತ್ತಾರೆ; ಅಂಚಿಗೆ ಬೇಕಾದ್ದು ಕಿವಿ.
ಮೇಲಂಚು ತಾಗಿದರೆ ಟಿಕ್,
ಅರ ಹಿತ್ತಾಳೆಯ ಹಲ್ಲಿಗೆ ಸಿಕ್ಕ ಹಾಗೆ.
ಪಕ್ಕಕ್ಕೆ ತಾಗಿದರೆ ಮಂದ,
ತಪ್ಪು ಬೀಗಕ್ಕೆ ತೂರಿಸಿದ ಕೈ.
ಒಂದಕ್ಕೆ ಅಂಕ, ಇನ್ನೊಂದಕ್ಕಿಲ್ಲ.
ನಡುವೆ ಎಷ್ಟು ಜಾಗ ಅಂತ ಕೇಳಬೇಡಿ,
ದಿನವಿಡೀ ಅಷ್ಟನ್ನೇ ಉಜ್ಜಿ ಹೊಟ್ಟೆ ಹೊರೆಯುವವನು ನಾನು.

ಅಂಚು ಸವರಿ ಗೆದ್ದವರು ಬೆರಳೆತ್ತಬೇಕು, ಕ್ಷಮಿಸಿ ಅಂತ.
ಅಂಕವನ್ನೇನೂ ಹಿಂದಿರುಗಿಸೋದಿಲ್ಲ.
ಮುಯಿ-ಫಾ ಎತ್ತುವ ಬೆರಳು ನೋಡಬೇಕು:
ಸೂಜಿ ಚುಚ್ಚಿಕೊಂಡವಳ ಹಾಗೆ, ಅಷ್ಟು ಗಂಭೀರ.

ಕಳೆದ ವಾರ ಹತ್ತು–ಹತ್ತು. ಆಮೇಲೆ ಅವನಿಗೆ ಹನ್ನೊಂದು.
ಮುಕ್ಕಾದ ಮೂಲೆಗೆ ಅವಳು ಬೀಸಿದಳು,
ಚೆಂಡು ಎಲ್ಲಿಗೋ ತಾಗಿ ಬೆಂಚಿನಡಿ ನುಗ್ಗಿತು.
ಸರಿಯಾಗಿ ಆಗಲೇ ಬಸ್ಸಿನ ಹಾರನ್ನು.
ನನ್ನ ಕಿವಿಗೆ ಏನೂ ಬೀಳಲಿಲ್ಲ.
ಮಾಕ್ ನನ್ನ ಮುಖ ನೋಡಿದ.
ಚದುರಂಗದ ಮುದುಕರೂ ಕಾಯಿ ಕೈಯಲ್ಲೇ ಹಿಡಿದು ನೋಡಿದರು.
"ಅಂಚು" ಅನ್ನಲಿಕ್ಕೆ ಬಾಯಿ ತೆರೆದೆ.
ಅವಳ ಫ್ಲಾಸ್ಕಿನ ಚಹಾ ಕುಡಿದವನಲ್ಲವೇ.

"ಪಕ್ಕ" ಅಂದಳು ಅವಳು.
ಬ್ಯಾಟು ಕೆಳಗಿಟ್ಟಳು. "ನಿನ್ನದು, ತಗೋ."

ದಾರಿಯಲ್ಲಿ ಕೇಳಿದೆ, ಯಾಕೆ ಹೇಳಿದೆ?
"ಪಕ್ಕಕ್ಕೆ ತಾಗಿತ್ತಲ್ಲ" ಅಂದಳು,
ದಡ್ಡನಿಗೆ ಹೇಳುವ ಹಾಗೆ.

ಸೋಮವಾರ ಬೆಳಿಗ್ಗೆ ಕೊಡೆಗೆ ಎರಡು ಬಿದಿರುಕಡ್ಡಿ ಹೆಚ್ಚಿಗೆ ಕಟ್ಟಿದಳು.
ಮಕ್ಕಳ ಅಳತೆ, ಕೆಂಪು, ಹನ್ನೆರಡು ಜೊತೆ,
ಗೆರೆಯಿಂದಾಚೆ ಒಂದು ಮೊಳ.
ಮಾಕ್ ಬಂದ. ನೆಲ ಅಳೆದ. ನಾಲ್ಕು, ಮೂರು. ಬರೆದುಕೊಂಡ.
ತಲೆಯೆತ್ತಿದ.
ಅವಳು ಒಂದು ಬೆರಳೆತ್ತಿದಳು.

"ಮಳೆ ಬರಬಹುದು, ಚಿಕ್ಕಮ್ಮ" ಅಂದ,
ಕೆಂಪು ಕಾಲುಚೀಲಗಳ ನಡುವಿಂದ
ಆಕಾಶ ಹುಡುಕುತ್ತ.